ದಾರದಮ್ಮನ ಜೇನು ಚಿಕಿತ್ಸೆ

ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕದಿಂದ ಗುಂಯ್ ಎಂಬ ಸದ್ದು ಬಂದಾಗ ಸೊಸೆ, ಈ ಫ್ರಿಜ್ಜೂ ಕೈಕೊಟ್ಟಿತು ಅಂದುಕೊಂಡಳು. ಬೆಳಗಿನ ಹೊತ್ತು. ಎಲ್ಲರಿಗೂ ಚಹಾ ಆಗಬೇಕು, ಗಂಡನ ಬ್ರೆಡ್ಡು ಸುಡುತ್ತಿದೆ, ಡ್ರೈವಿಂಗ್ ಸ್ಕೂಲಿನಲ್ಲಿ ಅವಳು ಕಲಿಸುವ ದಿನದ ಮೊದಲ ಕ್ಲಾಸಿಗೆ ಹೊತ್ತಾಗಿದೆ. ಬಗ್ಗಿ ನೋಡಿದರೆ ಜಾಮಿನ ಹಳೇ ಬಾಟಲಿ, ಬಾಯಿಗೆ ತೆಳು ಬಟ್ಟೆ, ಒಳಗೆ ಏಳೆಂಟು ಜೇನುನೊಣ ಒಂದರ ಮೇಲೊಂದು ಬಿದ್ದುಕೊಂಡಿವೆ.

"ಅತ್ತೆ, ಇದೇನಿದು?"

"ಮುಟ್ಟಬೇಡ. ಔಷಧಿ."

"ಔಷಧಿಗೆ ರೆಕ್ಕೆ ಇದೆ."

"ತಣ್ಣಗಿದ್ರೆ ಮಂಪರು ಹತ್ತುತ್ತಂತೆ, ಚಿಮಟದಲ್ಲಿ ಹಿಡಿಯೋಕೆ ಸುಲಭ. ಆಮೇಲೆ ಬೆರಳ ಗಿಣ್ಣಿಗೆ ಕಚ್ಚಿಸೋದು. ವಿಷ ಒಳಗೆ ಹೋದ್ರೆ ಊತ ಹೊರಗೆ ಹೋಗುತ್ತೆ. ಲಿಫ್ಟ್ ಮಾಮ ಹೇಳಿದ್ದಾನೆ."

ಸೊಸೆ ಸುಟ್ಟ ಬ್ರೆಡ್ಡನ್ನು ತಟ್ಟೆಗೆ ಎಸೆದಳು. ಲಿಫ್ಟ್ ಮಾಮ ಹೇಳಿದ್ದಾನೆ ಎಂದ ಮೇಲೆ ಆ ಮನೆಯಲ್ಲಿ ವಾದ ಮಾಡಿ ಪ್ರಯೋಜನವಿರಲಿಲ್ಲ. ಅತ್ತೆಯ ಒಬ್ಬನೇ ತಮ್ಮ ಅವನು. ದೊಡ್ಡ ಕಚೇರಿಯೊಂದರ ಲಿಫ್ಟಿನಲ್ಲಿ ಗುಂಡಿ ಒತ್ತುತ್ತ ಜೀವಮಾನ ಕಳೆದು ರಿಟೈರಾದವನು. ಲಿಫ್ಟಿಗೆ ಹತ್ತಿದ ವಕೀಲರು, ಡಾಕ್ಟರುಗಳು, ಇಂಜಿನಿಯರುಗಳು ಆಡಿದ ಮಾತನ್ನೆಲ್ಲ ಕೇಳಿಸಿಕೊಂಡಿದ್ದ. ಆದರೆ ಯಾರೂ ಮಾತು ಮುಗಿಯುವ ತನಕ ಲಿಫ್ಟಿನಲ್ಲಿ ನಿಲ್ಲುವುದಿಲ್ಲವಲ್ಲ, ಹಾಗಾಗಿ ಅವನಿಗೆ ಪ್ರಪಂಚದ ಎಲ್ಲ ವಿಷಯವೂ ಅರ್ಧಂಬರ್ಧ ಗೊತ್ತಿತ್ತು. ಈಗ ತನ್ನ ಮನೆಯ ಟೆರೇಸಿನಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದಾನೆ.

ಇವರದು ಕೆಳಗೆ ಬೈಂಡಿಂಗ್ ಅಂಗಡಿ, ಮೇಲೆ ಮನೆ. ಮಾವನನ್ನು ಊರೆಲ್ಲ ಕರೆಯುವುದು ಬೈಂಡರ್ ಎಂದು. ಅತ್ತೆಗೆ ಬೀದಿಯವರು ಇಟ್ಟ ಹೆಸರು ದಾರದಮ್ಮ. ಮಡಚಿದ ಹಾಳೆಗಳ ಕಟ್ಟುಗಳನ್ನು ಒಂದಕ್ಕೊಂದು ಸೇರಿಸಿ ಮೇಣ ಹಚ್ಚಿದ ದಾರದಲ್ಲಿ ಹೊಲಿಯುವುದು ಅವಳ ಕೆಲಸ. ಅಂಟು ಬಳಿಯುವುದು, ರಟ್ಟು ಹಾಕುವುದು, ಪ್ರೆಸ್ಸಿನ ಚಕ್ರ ತಿರುಗಿಸಿ ಒತ್ತುವುದು ಗಂಡನದು. ಮಗ ಕಚೇರಿ, ಶಾಲೆಗಳನ್ನು ಸುತ್ತಿ ಆರ್ಡರು ತರುತ್ತಾನೆ. ಕಿಟಕಿಯ ಬೆಳಕು ನೇರ ಬೀಳುವ ಕಡೆ ಒಂದು ಗಿಡ್ಡ ಸ್ಟೂಲು, ಎದುರಿಗೆ ಹೊಲಿಗೆಯ ಚೌಕಟ್ಟು. ಮದುವೆಯಾಗಿ ಬಂದ ವರ್ಷ ಅಲ್ಲಿ ಕೂತ ದಾರದಮ್ಮ ಹೆರಿಗೆಗೊಮ್ಮೆ ಬಿಟ್ಟರೆ ಎದ್ದವಳಲ್ಲ. ಬೀದಿಯಲ್ಲಿ ಹೋಗುವವರು ಕಿಟಕಿಯ ಹತ್ತಿರ ನಿಂತು ಅವಳೊಂದಿಗೆ ಎರಡು ಮಾತಾಡಿಯೇ ಮುಂದೆ ಹೋಗಬೇಕು. ಆರ್ಡರು ಒಪ್ಪಿಕೊಳ್ಳುವ ಮೊದಲು ಬೈಂಡರ್ ಅವಳ ಮುಖ ನೋಡಬೇಕು, ಅವಳು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಆ ಸ್ಟೂಲಿನಿಂದ ಎದ್ದ ದಿನ ತಾನು ಮೇಲಿನ ಮನೆಯಲ್ಲಿ ಆಲೂಗಡ್ಡೆ ಸುಲಿಯುವ ಮುದುಕಿ ಅಷ್ಟೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಹೆದರಿಕೆಯೆಲ್ಲ ಅದೊಂದೇ.

ಬೆರಳ ಗಿಣ್ಣುಗಳು ಊದತೊಡಗಿ ಬಹಳ ಕಾಲವಾಗಿತ್ತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ಡಾಕ್ಟರು ಸಂಧಿವಾತ ಎಂದು ಮಾತ್ರೆ ಬರೆದುಕೊಟ್ಟು, ಹೊಲಿಗೆ ಬಿಡಿ ಅಂದರು. ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ ಎಂದು ಅವಳು ಮಾತ್ರೆ ಬಿಟ್ಟಳೇ ಹೊರತು ಹೊಲಿಗೆ ಬಿಡಲಿಲ್ಲ. ಮಗ ಒಮ್ಮೆ ಪುಸ್ತಕ ಹೊಲಿಯುವ ಮೆಷಿನ್ನಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದ್ದಕ್ಕೆ ಎರಡು ದಿನ ಅವನಿಗೆ ಚಹಾ ಸಿಗಲಿಲ್ಲ.

ಜೇನು ಚಿಕಿತ್ಸೆ ಅಂಗಡಿಯಲ್ಲೇ, ಕಿಟಕಿಯ ಬೆಳಕಿನಲ್ಲೇ ಶುರುವಾಯಿತು. ಲಿಫ್ಟ್ ಮಾಮ ಅಕ್ಕನ ಕೈಯನ್ನು ರಟ್ಟಿನ ಮೇಲೆ ಇರಿಸಿ, ಬಾಟಲಿಯಿಂದ ಒಂದು ನೊಣವನ್ನು ಚಿಮಟದಲ್ಲಿ ಎತ್ತಿ, ತೋರುಬೆರಳ ಗಿಣ್ಣಿಗೆ ಒತ್ತಿದ. ದಾರದಮ್ಮ ಹಲ್ಲು ಕಚ್ಚಿದಳು. ನೊಣ ಮುಳ್ಳು ಬಿಟ್ಟು ಸತ್ತಿತು.

"ಮುಳ್ಳು ಕೀಳಬೇಡ ಅಕ್ಕ. ಅದು ಇನ್ನೂ ಪಂಪು ಹೊಡೀತಿದೆ, ನೋಡು."

"ಜೀವ ಹೋಗ್ತಿದೆ ಕಣೋ."

"ಹೋಗ್ತಿರೋದು ನೊಣದ್ದು. ನಿಂದು ಬರ್ತಿದೆ."

ಮಗ ಮೆಟ್ಟಿಲ ಮೇಲಿಂದ ನೋಡುತ್ತ, "ಮಾಮ, ಇದನ್ನ ಡಾಕ್ಟರಿಗೆ ಒಂದು ಮಾತು ಕೇಳಬಾರದಾ?" ಅಂದ.

"ಡಾಕ್ಟರಿಗೆ ಇದು ಗೊತ್ತಿಲ್ಲ ಅಂದ್ಕೊಂಡ್ಯಾ? ಗೊತ್ತಿದೆ. ಹೇಳಿದ್ರೆ ಮಾತ್ರೆ ಯಾರಿಗೆ ಮಾರೋದು? ಒಬ್ಬ ದೊಡ್ಡ ಡಾಕ್ಟರು ನನ್ನ ಲಿಫ್ಟಲ್ಲೇ ಹೇಳಿದ್ರು, ಜೇನಿನ ವಿಷ ಅಂದ್ರೆ ಕೀಲುನೋವಿಗೆ..."

"ಕೀಲುನೋವಿಗೆ?"

"ಅಷ್ಟರಲ್ಲಿ ಅವರ ಮಹಡಿ ಬಂತು."

ಬೈಂಡರ್ ಇದರಲ್ಲಿ ತಲೆ ಹಾಕಲಿಲ್ಲ. ಬಾಮೈದ ಬಂದರೆ ಅವನು ಅಂಟಿನ ಡಬ್ಬಿ ಹಿಡಿದು ಆ ಕಡೆ ತಿರುಗಿಕೊಳ್ಳುವುದು ಮೊದಲಿಂದಲೂ ಇದ್ದದ್ದೇ.

ಮೊದಲ ವಾರ ಒಂದು ನೊಣ, ಎರಡನೇ ವಾರ ಎರಡು. ದಾರದಮ್ಮನ ಕೈ ಬನ್ನಿನಂತೆ ಉಬ್ಬಿತು. ಊಟಕ್ಕೆ ಕೂತರೆ ಚಮಚ ಹಿಡಿಯಲಾಗದೆ ಅನ್ನ ಮೇಜಿನ ಮೇಲೆ ಚೆಲ್ಲುತ್ತಿತ್ತು.

"ಗುಣ ಆಗೋ ಮೊದಲು ಜಾಸ್ತಿ ಆಗುತ್ತಂತೆ," ಅಂದಳು.

"ಯಾರು ಹೇಳಿದ್ದು ಅಂತ ನಾನು ಕೇಳೋದೇ ಇಲ್ಲ," ಅಂದಳು ಸೊಸೆ. "ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಬಾಯಲ್ಲಿ ತಗೊಂಡ್ರಾ, ಕೈಯಲ್ಲಿ ತಗೊಂಡು ಸಿಂಕಿಗೆ ಹಾಕಿದ್ರಾ?"

"ನಿನ್ನ ಹತ್ರ ಗಾಡಿ ಕಲಿಯೋಕೆ ಬಂದೋರ ಹಾಗೆ ನನ್ನ ಗದರಿಸಬೇಡ."

"ಅವರಾದ್ರೂ ಬ್ರೇಕು ಅಂದ್ರೆ ಬ್ರೇಕು ಒತ್ತುತ್ತಾರೆ ಅತ್ತೆ!"

ಆ ವಾರದ ಕೊನೆಗೆ ಸಂಜೆ ಕ್ಲಾಸು ಮುಗಿಸಿ ಸೊಸೆ ಅಂಗಡಿಯ ಹಿಂಬಾಗಿಲಿನಿಂದ ಒಳಗೆ ಬಂದಳು. ಬೈಂಡರ್ ಕಾಗದದ ಅಂಗಡಿಗೆ ಹೋಗಿದ್ದ, ಮಗ ಇನ್ನೂ ಬಂದಿರಲಿಲ್ಲ. ದಾರದಮ್ಮ ಚೌಕಟ್ಟಿನ ಮೇಲೆ ಬಗ್ಗಿ, ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ದಾರಕ್ಕೆ ಎಂಜಲು ಹತ್ತಿತ್ತು. ಕಣ್ಣೀರು ಮೂಗಿನ ತುದಿಯವರೆಗೆ ಬಂದಿದ್ದರೂ ಒರೆಸಿಕೊಳ್ಳಲು ಬೆರಳು ಬಗ್ಗುತ್ತಿರಲಿಲ್ಲ. ಸೊಸೆಗೆ ಅಳು ಬರಬೇಕಿತ್ತು, ಬಂದದ್ದು ಮಾತ್ರ ಕೋಪ.

"ಏಳಿ ಅತ್ತೆ."

"ನಾಳೆ ಕೊಡಬೇಕು ಕಣೇ ಇದನ್ನ. ಶಾಲೆಯವರದ್ದು."

"ಏಳಿ ಅಂದೆ! ಕೊಡಿ ಇಲ್ಲಿ ಸೂಜಿ."

ಮದುವೆಯಾದ ಹೊಸದರಲ್ಲಿ ಅತ್ತೆಯೇ ಅವಳಿಗೆ ಹೊಲಿಗೆ ಕಲಿಸಿದ್ದಳು. ದಾರವನ್ನು ಎಷ್ಟು ಬಿಗಿಯಬೇಕು, ಕೊನೆಗೆ ಗಂಟು ಎಲ್ಲಿ ಬೀಳಬೇಕು ಎಲ್ಲ ಗೊತ್ತಿತ್ತು. ಆ ಸಂಜೆ ಶಾಲೆಯವರ ಪುಸ್ತಕಗಳನ್ನೆಲ್ಲ ಸೊಸೆ ಹೊಲಿದು ಮುಗಿಸಿದಳು. ದಾರದಮ್ಮ ಪಕ್ಕದಲ್ಲಿ ನಿಂತು, "ಎಳಿ, ಇನ್ನೂ ಎಳಿ, ಅಷ್ಟೊಂದು ಬೇಡ," ಎನ್ನುತ್ತಲೇ ಇದ್ದಳು.

"ಇದನ್ನ ಯಾರಿಗೂ ಹೇಳಬೇಡ," ಅಂದಳು ಕೊನೆಗೆ. "ಒಂದು ವಾರ ಸಾಕು. ಅಷ್ಟರಲ್ಲಿ ಊತ ಇಳಿಯುತ್ತೆ. ಹೇಳಿದ್ರೆ ಇವರು ನನ್ನ ಎಬ್ಬಿಸಿಬಿಡ್ತಾರೆ."

"ಒಂದೇ ವಾರ. ಆಮೇಲೆ ನನ್ನ ಕೇಳಬೇಡಿ."

ಒಂದು ವಾರ ಹೋಗಿ ಎರಡಾಯಿತು, ಎರಡು ಹೋಗಿ ನಾಲ್ಕಾಯಿತು. ಹಗಲೆಲ್ಲ ದಾರದಮ್ಮ ಸ್ಟೂಲಿನಲ್ಲಿ ಕೂತು ಹಾಳೆ ಜೋಡಿಸುವುದು, ದಾರಕ್ಕೆ ಮೇಣ ಹಚ್ಚುವುದು, ಕಿಟಕಿಯಲ್ಲಿ ನಿಂತವರೊಂದಿಗೆ ಮಾತಾಡುವುದು. ಸಂಜೆ ಬೈಂಡರ್ ಲೆಕ್ಕಪುಸ್ತಕಗಳನ್ನು ತಲುಪಿಸಲು ಹೊರಟ ಕೂಡಲೆ ಸೊಸೆ ಬಂದು, ಬೀದಿಯ ಕಿಟಕಿ ಮುಚ್ಚಿ ಹೊಲಿಯುವುದು. ಬೆಳಿಗ್ಗೆ ಬೈಂಡರ್ ಕಟ್ಟುಗಳನ್ನು ಎತ್ತಿ ನೋಡಿ ಕಣ್ಣರಳಿಸುತ್ತಿದ್ದ.

"ಏನೇ, ಮೊದಲಿನ ಹಾಗೇ ಬಿಗಿ ಬಂದಿದೆಯಲ್ಲ! ಒಂದು ಹೊಲಿಗೆ ಆಚೀಚೆ ಇಲ್ಲ."

ದಾರದಮ್ಮ ಮೇಣದ ಉಂಡೆಯನ್ನು ನೋಡುತ್ತ, "ಹೂಂ," ಅನ್ನುತ್ತಿದ್ದಳು.

ಹೆಂಡತಿಯ ಕೈಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. ಆದರೆ ಬೈಂಡರ್ ನೋಡುವುದು ಪುಸ್ತಕದ ಬೆನ್ನನ್ನು. ಆ ಗಂಡಸಿಗೆ ಇದಕ್ಕಿಂತ ಹೆಚ್ಚು ಏನು ಹೇಳೋಣ! ಬಾಮೈದ ಬಂದರೆ ಮುಖ ತಿರುಗಿಸುತ್ತಿದ್ದವನು ಈಗ ಅವನಿಗೆ ಕುರ್ಚಿ ಎಳೆದು ಹಾಕತೊಡಗಿದ. ಕಿಟಕಿಯಲ್ಲಿ ಬಂದು ನಿಂತವರಿಗೆಲ್ಲ, "ನೋಡಿ, ಜೇನು ಕಚ್ಚಿಸಿದ ಮೇಲೆ ಹೊಲಿದದ್ದು," ಎಂದು ಪುಸ್ತಕ ಬಿಚ್ಚಿ ತೋರಿಸಿದ. ಇಸ್ತ್ರಿ ಅಂಗಡಿಯವನು ತನ್ನ ಮಂಡಿಗೆ, ಎದುರುಮನೆಯ ಟೀಚರು ತನ್ನ ಸೊಂಟಕ್ಕೆ ಲಿಫ್ಟ್ ಮಾಮನನ್ನು ವಿಚಾರಿಸಿದರು. ಲಿಫ್ಟ್ ಮಾಮ ಹೊಸ ಷರಟು ಹೊಲಿಸಿಕೊಂಡ.

ಭಾನುವಾರ ಊಟಕ್ಕೆ ಕೂತಾಗ ಅವನ ಮಾತು ಮುಗಿಯಲೇ ಇಲ್ಲ.

"ನಾನೇನೂ ದೊಡ್ಡಸ್ತಿಕೆ ಹೇಳ್ಕೋತಿಲ್ಲ ಭಾವ. ಕೆಲಸ ಮಾಡಿದ್ದು ನೊಣ. ಪಾಪದ ಪ್ರಾಣಿ, ಜೀವ ಕೊಟ್ಟು ಕೆಲಸ ಮಾಡುತ್ತೆ."

"ಹೌದೌದು," ಅಂದಳು ಸೊಸೆ, ಆಲೂಗಡ್ಡೆ ಪಲ್ಯವನ್ನು ಅವನ ತಟ್ಟೆಗೆ ಧಡಕ್ಕನೆ ಬಡಿಸುತ್ತ. "ಹಗಲೆಲ್ಲ ದುಡಿದು ಬಂದು, ಸಂಜೆ ಮತ್ತೆ ದುಡಿದು, ಹೆಸರು ಮಾತ್ರ ಇನ್ಯಾರಿಗೋ. ಪಾಪದ ಪ್ರಾಣಿ."

"ನೊಣಕ್ಕೆ ಸಂಜೆ ಕೆಲಸ ಇರಲ್ಲಮ್ಮ," ಎಂದು ಲಿಫ್ಟ್ ಮಾಮ ತಿದ್ದಿದ.

ಪಾತ್ರೆ ತೊಳೆಯುವಾಗ ಸೊಸೆ ಅತ್ತೆಯನ್ನು ಅಡುಗೆಮನೆಯ ಮೂಲೆಗೆ ಕರೆದು ಹೇಳಿದಳು: "ಇನ್ನು ನನ್ನ ಕೈಲಾಗಲ್ಲ. ನೀವೇ ಹೇಳಿ, ಇಲ್ಲಾಂದ್ರೆ ನಾನು ಹೇಳ್ತೀನಿ. ಬೀದಿಯೋರೆಲ್ಲ ಕಚ್ಚಿಸ್ಕೊಳ್ಳೋಕೆ ಸಾಲು ನಿಂತಿದ್ದಾರೆ."

"ಅವರಿಗೆ ಗುಣ ಆದ್ರೂ ಆಗಬಹುದು."

"ನಿಮಗೆ ಆಗಿದೆಯಾ?"

ದಾರದಮ್ಮ ನಲ್ಲಿ ತಿರುಗಿಸಲು ಹೋದಳು, ಆಗಲಿಲ್ಲ, ಮೊಣಕೈಯಿಂದ ತಳ್ಳಿದಳು. "ಈ ತಿಂಗಳು ಕಳೀಲಿ. ಕೋರ್ಟಿನವರ ಪುಸ್ತಕದ ಆರ್ಡರು ಒಂದಿದೆ, ಅದು ಮುಗೀಲಿ, ನಾನೇ ಹೇಳ್ತೀನಿ," ಅಂದಳು. ಸೊಸೆ ತಲೆ ಚಚ್ಚಿಕೊಂಡು ಹೊರಗೆ ಹೋದಳು.

ಬೈಂಡರಿಗೂ ಒಂದು ನೋವಿತ್ತು. ಪ್ರೆಸ್ಸಿನ ಚಕ್ರ ತಿರುಗಿಸಿ ತಿರುಗಿಸಿ ಬಲಗೈ ಭುಜ ಹಿಡಿದುಕೊಂಡಿತ್ತು. ಹೆಂಡತಿಯ ಎದುರು ಅದನ್ನು ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ಈಗ ಕಣ್ಣೆದುರೇ ಗುಣವಾದ ಹೊಲಿಗೆ ಇದ್ದಾಗ ಯಾಕೆ ಸುಮ್ಮನಿರಬೇಕು? ಬಾಮೈದನೊಂದಿಗೆ ಗುಟ್ಟಾಗಿ ಮಾತಾಡಿ, ಹೆಂಡತಿ ಮೇಲೆ ಸ್ನಾನಕ್ಕೆ ಹೋದಾಗ ಎರಡು ಸಲ ಭುಜಕ್ಕೆ ಕಚ್ಚಿಸಿಕೊಂಡ. ಎರಡನೇ ಸಲ ಮೈಯೆಲ್ಲ ತುರಿಕೆ, ದದ್ದು. ರಕ್ತ ಶುದ್ಧಿಯಾಗುತ್ತಿದೆ ಎಂದ ಲಿಫ್ಟ್ ಮಾಮ. ಬೈಂಡರ್ ನಂಬಿದ.

ಅವನು ಮೂರನೇ ಸಲ ಕಚ್ಚಿಸಿಕೊಂಡ ಹೊತ್ತಿಗೆ ಸೊಸೆ ಅಂಗಡಿಯ ಮುಂದೆಯೇ ಡ್ರೈವಿಂಗ್ ಸ್ಕೂಲಿನ ಕಾರು ನಿಲ್ಲಿಸಿದ್ದಳು. ಸ್ಟಿಯರಿಂಗಿನಲ್ಲಿ ಅವಳ ಶಿಷ್ಯ, ಬ್ಯಾಂಕಿನ ಗುಮಾಸ್ತ, ಗೇರು ಹಾಕಲು ಹೆದರಿ ಬೆವರುತ್ತಿದ್ದ. ಒಳಗಿಂದ ಲಿಫ್ಟ್ ಮಾಮನ ಕೂಗು ಕೇಳಿಸಿತು. ಹೋಗಿ ನೋಡಿದರೆ ಬೈಂಡರ್ ರಟ್ಟಿನ ರಾಶಿಗೆ ಒರಗಿ ಬಿದ್ದಿದ್ದಾನೆ, ತುಟಿ ಊದಿ ಹೊರಗೆ ಬಂದಿದೆ, ಉಸಿರಿನ ಜೊತೆ ಸೀಟಿ ಹೊಡೆದಂತೆ ಸದ್ದು. ಅಂಗಿಯ ಒಂದು ತೋಳು ಬಿಚ್ಚಿದೆ, ಭುಜದ ಮೇಲೆ ಮುಳ್ಳು ಇನ್ನೂ ಇದೆ.

"ಏನ್ ಮಾಡಿದ್ರಿ ಇವರಿಗೆ?"

"ಒಂದೇ ಒಂದು ನೊಣ ಕಣಮ್ಮ..."

ಸೊಸೆ ಮುಳ್ಳನ್ನು ಉಗುರಿನಿಂದ ಕೆರೆದು ಎಸೆದಳು. ಗುಮಾಸ್ತನನ್ನು ಕತ್ತು ಹಿಡಿದು ಇಳಿಸಿದಂತೆ ಇಳಿಸಿ, ಮಾವನನ್ನು ಹೊರಿಸಿ ಹಿಂದಿನ ಸೀಟಿಗೆ ಹಾಕಿದಳು. ತಲೆಗೆ ಸುತ್ತಿದ ಟವೆಲ್ಲಿನಲ್ಲೇ ಓಡಿ ಬಂದ ದಾರದಮ್ಮ ಗಂಡನ ಪಕ್ಕ ಕೂತಳು. ತಲೆಯ ಮೇಲೆ "ಕಲಿಯುವವರ ವಾಹನ" ಎಂಬ ಬೋರ್ಡು ಹೊತ್ತ ಆ ಕಾರು ಹಾರನ್ನು ಒತ್ತಿದ ಕೈ ತೆಗೆಯದೆ ಓಡಿತು. ಬೋರ್ಡು ನೋಡಿದ ಬಸ್ಸು ಲಾರಿಗಳು ಜೀವಭಯದಿಂದ ತಾವೇ ದಾರಿ ಬಿಟ್ಟವು.

"ಉಸಿರಾಡಿ ರೀ. ರೀ, ನನ್ನ ನೋಡಿ. ಉಸಿರಾಡಿ," ಎನ್ನುತ್ತ ದಾರದಮ್ಮ ಬಗ್ಗದ ಬೆರಳುಗಳಿಂದ ಅವನ ಕೆನ್ನೆ ತಟ್ಟುತ್ತಲೇ ಇದ್ದಳು.

ಆಸ್ಪತ್ರೆಯವರು ತೊಡೆಗೆ ಸೂಜಿ ಚುಚ್ಚಿದರು, ಮೂಗಿಗೆ ಗಾಳಿ ಕೊಟ್ಟರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಬಸ್ಸು ಹಿಡಿದು ಬಂದ ಲಿಫ್ಟ್ ಮಾಮ ವಾರ್ಡಿನ ಬಾಗಿಲಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ. "ಎಲ್ಲರಿಗೂ ಹೀಗಾಗಲ್ಲ. ಲಕ್ಷಕ್ಕೊಬ್ಬರಿಗೆ ಅಂತೆ," ಎಂದು ಯಾರೂ ಕೇಳದಿದ್ದರೂ ಹೇಳಿದ.

"ಲಿಫ್ಟಲ್ಲಿ ಕೇಳಿದ್ದಾ ಮಾಮ?" ಅಂದ ಮಗ. ಮಾಮ ತಲೆ ತಗ್ಗಿಸಿದ. ಜೇನುಪೆಟ್ಟಿಗೆ ಎರಡನ್ನೂ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಗೋಡೆಗೆ ಹೇಳಿದ.

ಮಾರನೇ ದಿನ ಮಧ್ಯಾಹ್ನ ಬೈಂಡರ್ ದಿಂಬಿಗೆ ಒರಗಿ ಕೂತು ಬ್ರೆಡ್ಡು ತಿಂದ. ಎಲ್ಲರಿಗೂ ನಿರಾಳ. ಆಗ ಅವನು ಊದಿದ ತುಟಿಯಲ್ಲೇ ಮಾತು ತೆಗೆದ:

"ಬಾಮೈದನ್ನ ಬೈಬೇಡಿ. ನನ್ನ ಮೈಗೆ ಒಗ್ಗಲಿಲ್ಲ, ಅಷ್ಟೆ. ಇವಳಿಗೆ ಒಗ್ಗಿದೆ. ಇವಳು ಮಾತ್ರ ಬಿಡಬಾರದು. ಕೋರ್ಟಿನ ಆರ್ಡರು ಇದೆ."

ಸೊಸೆ ಕುರ್ಚಿಯಿಂದ ಧಿಗ್ಗನೆ ಎದ್ದಳು. ಅವಳು ಬಾಯಿ ತೆರೆಯುವ ಮೊದಲೇ ದಾರದಮ್ಮ ಅಂದಳು:

"ನನಗೂ ಒಗ್ಗಿಲ್ಲ. ಒಂದು ತಿಂಗಳಿಂದ ಹೊಲಿದದ್ದು ನಾನಲ್ಲ, ಇವಳು."

ಬೈಂಡರ್ ಬ್ರೆಡ್ಡು ಕೆಳಗಿಟ್ಟ. "ಏನಂದೆ?"

"ಇವಳು ಹೊಲಿದದ್ದನ್ನ ನೀವು ನೊಣದ ಲೆಕ್ಕಕ್ಕೆ ಹಾಕಿದ್ರಿ. ನಾನು ಸುಮ್ನಿದ್ದೆ. ಸುಮ್ನಿದ್ದದ್ದಕ್ಕೆ ನಿಮ್ಮನ್ನ ಕಳ್ಕೋತಿದ್ದೆ."

ಬೈಂಡರ್ ಹೆಂಡತಿಯ ಕೈಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಏನಾದರೂ ಹೇಳುತ್ತಾನೆ ಎಂದು ಎಲ್ಲರೂ ಕಾದರೆ, ಮಗ ನಕ್ಕುಬಿಟ್ಟ.

"ಅಯ್ಯೋ, ಇಷ್ಟೇನಾ! ನಾನೇನೋ ಅಂದ್ಕೊಂಡೆ. ಒಳ್ಳೇದೇ ಆಯ್ತಲ್ಲ ಅಪ್ಪ. ಹೊಲಿಯೋರು ಮನೇಲೇ ಇದ್ದಾರೆ ಅಂತಾಯ್ತು."

"ಅದೂ ಸರಿಯೇ," ಎಂದ ಬೈಂಡರ್ ನಿಧಾನವಾಗಿ. "ಕೈ ಚೆನ್ನಾಗಿದೆ ಇವಳದ್ದು. ಡ್ರೈವಿಂಗ್ ಸ್ಕೂಲಲ್ಲಿ ಏನಿದೆ, ಬಿಸಿಲಲ್ಲಿ ಒಣಗೋದು, ಕಂಡೋರ ಜೊತೆ ಕೂಗಾಡೋದು. ಮನೆ ಕೆಲಸ, ನೆರಳು, ಅತ್ತೆ ಪಕ್ಕದಲ್ಲೇ ಕೂತು..."

"ನೀವು ಬದುಕಿ ಉಳಿದ್ರಲ್ಲ ಅನ್ನೋ ಸಂತೋಷಕ್ಕೆ ಸುಮ್ನಿದ್ದೀನಿ ಮಾವ," ಅಂದಳು ಸೊಸೆ. "ನಿಮ್ಮನ್ನ ಇಲ್ಲಿ ತನಕ ತಂದದ್ದು ಆ ಡ್ರೈವಿಂಗ್ ಸ್ಕೂಲಿನ ಕಾರೇ." ಗಂಡನ ಕಡೆ ತಿರುಗಿ, "ನಿಮಗೆ ನಗು ಬಂತಾ?" ಅಂದಳು.

"ನಾನೇನಂದೆ ಈಗ? ಒಂದು ಮಾತಿಗೆ ಹೇಳಿದ್ದು."

ಅವಳು ಮತ್ತೆ ಕೂತು, ಬಲಗೈ ಹೆಬ್ಬೆರಳ ಬುಡವನ್ನು ಎಡಗೈಯಿಂದ ಒತ್ತಿಕೊಳ್ಳತೊಡಗಿದಳು. ತಾನು ಹಾಗೆ ಮಾಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ದಾರದಮ್ಮನಿಗೆ ಗೊತ್ತಾಯಿತು. ನಿಜ ಹೇಳಬೇಕೆಂದರೆ ಗಂಡನ ಮಾತು ಅವಳಿಗೂ ಒಂದು ಗಳಿಗೆ ಹಿತವಾಗಿಯೇ ಇತ್ತು. ಸೊಸೆ ಹೊಲಿದರೆ ಹೊಲಿಗೆ ಮನೆಯಲ್ಲೇ ಉಳಿಯುತ್ತದೆ, ಪಕ್ಕದಲ್ಲಿ ತನ್ನ ಸ್ಟೂಲೂ ಉಳಿಯುತ್ತದೆ, ಕಿಟಕಿಯೂ ಉಳಿಯುತ್ತದೆ. ಆ ಒತ್ತಿಕೊಳ್ಳುವ ಬೆರಳನ್ನು ಕಂಡ ಮೇಲೆ ಹಿತ ಅನ್ನಿಸಲಿಲ್ಲ.

"ಇವಳು ಕೂರಲ್ಲ," ಅಂದಳು.

"ನೀನು ಸುಮ್ನಿರು," ಎಂದ ಬೈಂಡರ್.

"ಸುಮ್ನಿದ್ದದ್ದು ಸಾಕಾಗಿದೆ. ನನ್ನ ಕೈ ಹೀಗಾಯ್ತು, ಇವಳದ್ದೂ ಆಗಲಿ ಅಂತಾನಾ? ಅವಳ ಕೆಲಸ ಅವಳು ಮಾಡ್ತಾಳೆ. ಮೆಷಿನ್ ತನ್ನಿ."

"ಮೆಷಿನ್ ಹೆಸರೆತ್ತಿದ್ರೆ ಚಹಾ ಬಂದ್ ಮಾಡಿದವಳು ನೀನು!" ಅಂದ ಮಗ.

"ಈಗ ನಾನೇ ಹೇಳ್ತಿದ್ದೀನಲ್ಲ."

"ನಡೆಸೋರು ಯಾರು?"

"ಚಿತ್ರ ತೋರಿಸಿದವನೇ ನಡೆಸ್ತಾನೆ. ಸಂಜೆ ಹೊತ್ತು ನೀನೂ ಸ್ವಲ್ಪ ಮನೇಲಿ ಕೂರು. ಏನೂ ಸವೆಯಲ್ಲ."

ಹಳೆಯದೊಂದು ಮೆಷಿನ್ನು ಸಿಗಲು ಕೆಲವು ವಾರಗಳೇ ಬೇಕಾದವು. ಅಷ್ಟರೊಳಗೆ ದಾರದಮ್ಮ ಡಾಕ್ಟರ ಬಳಿ ಹೋಗಿ ಮಾತ್ರೆ ಬದಲಿಸಿಕೊಂಡಳು. ತಿಂದು ಬಾಯಿ ತೆರೆದು ಸೊಸೆಗೆ ತೋರಿಸುವುದು ಬೇರೆ. ಊತ ಸ್ವಲ್ಪ ಇಳಿಯಿತು, ಸೂಜಿ ಹಿಡಿಯುವಷ್ಟಲ್ಲ. ಬೈಂಡರ್ ಯಾರಿಗೂ ಹೇಳದೆ ಅಂಗಡಿಯ ಹಿಂಗೋಡೆಯ ಹತ್ತಿರ ಕಾಗದದ ರಾಶಿ ಸರಿಸಿ ಜಾಗ ಮಾಡಿಟ್ಟಿದ್ದ.

ಮೆಷಿನ್ನು ಹೊತ್ತು ತಂದವರು ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಎಲ್ಲಿ ಇಡೋಣ?" ಎಂದರು.

"ಹಿಂದೆ, ಅಲ್ಲಿ," ಎಂದ ಬೈಂಡರ್.

"ಆ ಕತ್ತಲಲ್ಲಿ ಸೂಜಿ ಯಾರಿಗೆ ಕಾಣುತ್ತೆ?" ಎಂದಳು ದಾರದಮ್ಮ. "ಕಿಟಕಿ ಹತ್ರ ಇಡಿ."

"ಅದು ನಿನ್ನ ಜಾಗ ಕಣೇ."

"ಅದು ಹೊಲಿಯೋರ ಜಾಗ ರೀ."

ಯಾರೂ ಅಲ್ಲಾಡಲಿಲ್ಲ. ಕಿಟಕಿಯಾಚೆ ಇಸ್ತ್ರಿ ಅಂಗಡಿಯವನು, ಟೀಚರು, ಇನ್ನೂ ನಾಲ್ಕು ಜನ ನಿಂತು ನೋಡುತ್ತಿದ್ದರು. ದಾರದಮ್ಮ ಸ್ಟೂಲಿನಿಂದ ಎದ್ದಳು. ಅದನ್ನು ಎತ್ತಲು ಎರಡೂ ಕೈ ಹಾಕಿದಳು. ಬೆರಳು ಅಂಚಿಗೆ ಕೂರಲಿಲ್ಲ, ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಅವಳು ಬೆನ್ನು ನೆಟ್ಟಗೆ ಮಾಡಿ, ಒಳಗಿದ್ದವರನ್ನೂ ಹೊರಗಿದ್ದವರನ್ನೂ ಒಂದು ಸಲ ನೋಡಿದಳು.

"ಏನ್ ನೋಡ್ತಾ ನಿಂತಿದ್ದೀರಿ ಎಲ್ರೂ?" ಎಂದು ರೇಗಿದಳು. "ನನ್ನ ಕೈಯಲ್ಲಿ ಆಗಲ್ಲ. ಯಾರಾದ್ರೂ ಬಂದು ಎತ್ತಿ."